ಫಲಕದಲ್ಲಿ 100, ಮೀಟರಿನಲ್ಲಿ 120: ಹೆದ್ದಾರಿ ವೇಗಮಿತಿ ಏರಿಸಿದರೆ ಏನಾಗುತ್ತದೆ?

ಹೆದ್ದಾರಿ ವೇಗಮಿತಿಯ ಬಗ್ಗೆ ಕೆಲವು ವರ್ಷಗಳಿಂದ ಬಂದಿರುವ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆ ಕೆಡುತ್ತದೆ. ಕೇಂದ್ರದ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಎಕ್ಸ್‌ಪ್ರೆಸ್‌ವೇಯಲ್ಲಿ 140 ಇರಲಿ ಎಂದರು. ಮದ್ರಾಸ್ ಹೈಕೋರ್ಟ್ 120 ಕೂಡ ಜಾಸ್ತಿಯಾಯಿತು ಎಂದಿತು. ಕರ್ನಾಟಕ ಪೊಲೀಸರು 130 ದಾಟಿದರೆ ದಂಡವಲ್ಲ, ಎಫ್‌ಐಆರ್ ಎಂದರು. ಬೆಂಗಳೂರು–ಮೈಸೂರು ದಶಪಥದಲ್ಲಿ ಫಲಕ ಮಾತ್ರ 100 ಎನ್ನುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಾಗೆ. ಇದರಲ್ಲಿ ಯಾರ ಮಾತು ಕಾನೂನು, ಯಾರ ಮಾತು ಬರೀ ಆಸೆ? ಮಿತಿ ಏರಿಸಿದರೆ ಸಾವು ಹೆಚ್ಚುತ್ತದೆ ಎನ್ನುವುದು ನಿಜವೋ, ಸುಮ್ನೆ ಹೆದರಿಸುವ ಮಾತೋ?

ಮೊದಲು ಕಾನೂನು ಬಿಡಿಸಿಕೊಳ್ಳೋಣ. ಆಮೇಲೆ ರಸ್ತೆಗೆ ಇಳಿಯೋಣ.

ಮಿತಿ ಇಡುವವರು ಯಾರು?

1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಗರಿಷ್ಠ ವೇಗ ಎಷ್ಟು ಎಂದು ಹೇಳುವುದು ಕೇಂದ್ರ ಸರ್ಕಾರ. ರಾಜ್ಯ ಸರ್ಕಾರ ತನ್ನ ರಸ್ತೆಯ ಸ್ಥಿತಿ ನೋಡಿ ಅದನ್ನು ಇಳಿಸಬಹುದು. ಏರಿಸುವ ಹಾಗಿಲ್ಲ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ಡಿವೈಡರ್ ಇರುವ ಚತುಷ್ಪಥ ಅಥವಾ ಅದಕ್ಕಿಂತ ದೊಡ್ಡ ರಸ್ತೆಯಲ್ಲಿ 100, ಊರೊಳಗೆ 70 ಎಂದಿತ್ತು. ಸರಕು ಲಾರಿಗಳಿಗೆ ಎಕ್ಸ್‌ಪ್ರೆಸ್‌ವೇ ಇರಲಿ, ಚತುಷ್ಪಥ ಇರಲಿ, 80 ಮಾತ್ರ. ಈ 80 ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೈಸೂರು ರಸ್ತೆಯ ಗೊಂದಲ ಅರ್ಧ ಇಲ್ಲೇ ಬಗೆಹರಿಯುತ್ತದೆ. ನಾವೆಲ್ಲ ಅದನ್ನು ಎಕ್ಸ್‌ಪ್ರೆಸ್‌ವೇ ಎಂದು ಕರೆಯುತ್ತೇವೆ. ಹಾಗಾಗಿ 120 ಓಡಿಸಬಹುದು ಅಂದುಕೊಂಡವರು ಬಹಳ ಜನ. ಅದು ರಾಷ್ಟ್ರೀಯ ಹೆದ್ದಾರಿ 275. ಹೊರಗಿನಿಂದ ಎಲ್ಲೆಂದರಲ್ಲಿ ನುಗ್ಗದಂತೆ ಕಟ್ಟಿದ ಹೆದ್ದಾರಿ ಅಷ್ಟೇ. 2023ರ ಜುಲೈನಿಂದ ಅಲ್ಲಿ ಮಿತಿ 100.

ಕೋರ್ಟ್ ಬೇಡ ಎಂದಿತು, ಸಚಿವರು ಸಾಲದು ಎಂದರು

2021ರಲ್ಲಿ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಒಂದು ಅಪಘಾತ ಪರಿಹಾರದ ಕೇಸ್ ಬಂತು. ಗಾಯಾಳು ಒಬ್ಬ ಯುವ ದಂತವೈದ್ಯೆ, ಮೈ ಬಹುಪಾಲು ಸ್ವಾಧೀನ ಕಳೆದುಕೊಂಡಿತ್ತು. ಕೋರ್ಟ್ ಪರಿಹಾರ ಹೆಚ್ಚಿಸಿ ಸುಮ್ಮನಾಗಲಿಲ್ಲ, ವೇಗಮಿತಿಯನ್ನು ಏಕೆ ಏರಿಸಿದಿರಿ ಎಂದು ಕೇಂದ್ರವನ್ನು ಕೇಳಿತು. ರಸ್ತೆ ಚೆನ್ನಾಗಿದೆ, ಎಂಜಿನ್ ತಂತ್ರಜ್ಞಾನ ಮುಂದುವರಿದಿದೆ ಎಂಬುದು ಸರ್ಕಾರದ ಉತ್ತರ. ಎಂಜಿನ್ ಬದಲಾಗಿದೆ ಸರಿ, ಓಡಿಸುವವರ ನಡವಳಿಕೆ ಬದಲಾಗಿದೆಯೇ ಎಂಬ ಅನುಮಾನ ಕೋರ್ಟಿನದು. 2018ರ ಅಧಿಸೂಚನೆ ರದ್ದು ಮಾಡಿ, 2014ರ ಹಳೆಯ ಮಿತಿಗೆ ವಾಪಸ್ ಹೋಗಿ ಎಂದಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಗಡ್ಕರಿ ಒಂದು ವೇದಿಕೆಯಲ್ಲಿ ತಮ್ಮ ಪಟ್ಟಿ ಹೇಳಿದರು. ಎಕ್ಸ್‌ಪ್ರೆಸ್‌ವೇಗೆ 140, ಚತುಷ್ಪಥ ಹೆದ್ದಾರಿಗೆ ಕನಿಷ್ಠ 100, ದ್ವಿಪಥಕ್ಕೆ 80, ನಗರದ ರಸ್ತೆಗೆ 75. ವೇಗ ಹೆಚ್ಚಿದರೆ ಅಪಘಾತ ಆಗಿಯೇ ಆಗುತ್ತದೆ ಎಂಬ ಮನಸ್ಥಿತಿ ಕೋರ್ಟುಗಳಿಗೂ ಅಧಿಕಾರಿಗಳಿಗೂ ಇದೆ, ಈಗಿನ ಎಕ್ಸ್‌ಪ್ರೆಸ್‌ವೇಗಳಿಗೆ ಎರಡೂ ಕಡೆ ತಡೆಗೋಡೆ ಇದೆ, ನಾಯಿ ಕೂಡ ಒಳಗೆ ಬರಲಾರದು ಎಂಬ ಅರ್ಥದ ಮಾತಾಡಿದರು. ಬೇಲಿ ಕತ್ತರಿಸಿ ಕಾಲುದಾರಿ ಮಾಡಿಕೊಂಡ ಜಾಗಗಳನ್ನು ಮೈಸೂರು ರಸ್ತೆಯಲ್ಲಿ ಕಂಡವರು ಈ ಮಾತಿಗೆ ನಕ್ಕಿರುತ್ತಾರೆ.

ಕೋರ್ಟ್ ಹೀಗೆ ಹೇಳಿದ ಮೇಲೂ ಎಲ್ಲವೂ ಹಿಂದಕ್ಕೆ ಹೋಗಲಿಲ್ಲ. ಮುಂಬೈ–ನಾಗಪುರದ ಸಮೃದ್ಧಿ ಹೆದ್ದಾರಿ, ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಗಳು ಆ ತೀರ್ಪಿನ ನಂತರ ತೆರೆದವು. ಅಲ್ಲಿ ಕಾರುಗಳಿಗೆ 120ರ ಮಿತಿಯೇ ಇದೆ.

ಏರಿಸಿ ಎನ್ನುವವರ ವಾದದಲ್ಲೂ ಹುರುಳಿದೆ

ಗಡ್ಕರಿ ಅವರ ವಾದವನ್ನು ಸುಮ್ನೆ ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಒಂದು ಗಟ್ಟಿ ಅಂಶ ಇದೆ. ರಸ್ತೆ ಒಂದು ವೇಗಕ್ಕೆ ಕಟ್ಟಿದ್ದು, ಫಲಕ ಇನ್ನೊಂದು ಹೇಳಿದರೆ, ಜನ ನಂಬುವುದು ರಸ್ತೆಯನ್ನು. ಅಗಲವಾದ, ನೇರವಾದ, ಖಾಲಿ ಮೇಲ್ಸೇತುವೆಯ ಮೇಲೆ 40ರ ಫಲಕ ನೆಟ್ಟರೆ ಏನಾಗುತ್ತದೆ? ಯಾರೂ ಪಾಲಿಸುವುದಿಲ್ಲ. ಅಷ್ಟೇ ಆದರೆ ಪರವಾಗಿಲ್ಲ. ಫಲಕ ಅಂದರೆ ಲೆಕ್ಕಕ್ಕಿಲ್ಲ ಎಂಬ ಪಾಠವೂ ಜೊತೆಗೇ ಆಗುತ್ತದೆ, ಮುಂದೆ ಶಾಲೆಯ ಎದುರು ನಿಜಕ್ಕೂ ಬೇಕಾದ 30ರ ಫಲಕವೂ ಅದೇ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನೊಂದು ಅಂಶ. ನಮ್ಮಲ್ಲಿ ಅಪಘಾತದ ಕಾರಣಗಳ ಲೆಕ್ಕ ಬರುವುದು ಪೊಲೀಸ್ ದಾಖಲೆಯಿಂದ. ಕೇಂದ್ರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ. ಈ 71 ಅನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ' ಎಂಬುದು ನಮ್ಮ ಎಫ್‌ಐಆರ್‌ಗಳ ಸಿದ್ಧ ವಾಕ್ಯ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಕಾರು ಗುದ್ದಿದರೂ ಅದೇ ವಾಕ್ಯ, ತಿರುವಿನಲ್ಲಿ ಎಚ್ಚರಿಕೆ ಫಲಕ ಇಲ್ಲದೆ ಬೈಕ್ ಉರುಳಿದರೂ ಅದೇ ವಾಕ್ಯ. ರಸ್ತೆ ಕಟ್ಟಿದವರ ತಪ್ಪಿಗೆ ಆ ಫಾರಂನಲ್ಲಿ ಜಾಗ ಕಡಿಮೆ.

ಹಾಗಂತ ವೇಗ ನಿರಪರಾಧಿ ಅಂತಲ್ಲ. ಅದನ್ನು ಪೊಲೀಸರ ಅಂಕಿಯಿಂದ ಸಾಬೀತು ಮಾಡಬೇಕಾಗಿಲ್ಲ, ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಇಪ್ಪತ್ತೇ ತಾನೇ ಜಾಸ್ತಿ?

100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಮುಂದೆ ಏನೋ ಅಡ್ಡ ಬಂತು. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂದುಕೊಳ್ಳಿ. ಬ್ರೇಕ್ ಒತ್ತುವ ಮೊದಲೇ 42 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೆ ನಿಲ್ಲಲು ಇನ್ನೂ 55 ಮೀಟರ್. ಒಟ್ಟು ಸುಮಾರು 97.

ಅದೇ ಜಾಗದಲ್ಲಿ, ಅದೇ ಬ್ರೇಕಿನ, ಅದೇ ಚುರುಕಿನ ಚಾಲಕನ ಕಾರು 120ರಲ್ಲಿ ಬಂದರೆ ನಿಲ್ಲಲು ಬೇಕಾಗುವುದು ಸುಮಾರು 130 ಮೀಟರ್. ಮೂವತ್ತು ಮೀಟರ್ ಜಾಸ್ತಿ ಎಂದರೆ ಅಷ್ಟೇನೂ ಅನಿಸುವುದಿಲ್ಲ. ಹೀಗೆ ನೋಡಿ: ಮೊದಲ ಕಾರು ಪೂರ್ತಿ ನಿಂತ ಆ 97ನೇ ಮೀಟರಿನಲ್ಲಿ ಈ ಎರಡನೇ ಕಾರು ಇನ್ನೂ 75ರ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತದೆ. 140ರಲ್ಲಿ ಬಂದ ಕಾರಾದರೆ ಅಲ್ಲಿ 110. ಒಬ್ಬ ಬೆವರು ಒರೆಸಿಕೊಳ್ಳುತ್ತಾನೆ, ಇನ್ನೊಬ್ಬ ಗುದ್ದುತ್ತಾನೆ.

ಗುದ್ದಿದ ಮೇಲೆ? ಹೊಡೆತದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 100ರಿಂದ 120ಕ್ಕೆ ಹೋದರೆ ವೇಗ ಶೇ 20 ಹೆಚ್ಚು, ಶಕ್ತಿ ಶೇ 44 ಹೆಚ್ಚು. 140ಕ್ಕೆ ಹೋದರೆ ಹೆಚ್ಚುಕಮ್ಮಿ ಎರಡು ಪಟ್ಟು. ನನ್ನ ಕಾರಿಗೆ ಫೈವ್ ಸ್ಟಾರ್ ಇದೆ ಎನ್ನುವವರಿಗೆ ಒಂದು ಮಾತು. ಕಾರಿನ ಸುರಕ್ಷತೆಗೆ ನಕ್ಷತ್ರ ಕೊಡಲು 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಎದುರಿನಿಂದ ಗುದ್ದಿಸುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಆ ನಕ್ಷತ್ರಗಳೆಲ್ಲ 64ಕ್ಕೆ ಸಿಕ್ಕಿದ್ದು. 120ರಲ್ಲಿ ಹೊಡೆತ ಅದರ ಮೂರೂವರೆ ಪಟ್ಟು.

ಇದನ್ನೇ ರಸ್ತೆಯ ಮಟ್ಟದಲ್ಲಿ ನೋಡಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸರಳ ಲೆಕ್ಕ ಕೊಡುತ್ತದೆ. ವಾಹನಗಳ ಸರಾಸರಿ ವೇಗ ಶೇ 1 ಏರಿದರೆ ಸಾವು ತರುವ ಅಪಘಾತದ ಅಪಾಯ ಶೇ 4 ಏರುತ್ತದೆ.

80ರ ಲಾರಿ, 120ರ ಕಾರು

ನನಗೆ ಇಡೀ ಚರ್ಚೆಯ ನಡುಗಂಬ ಇದು ಅನಿಸುತ್ತದೆ. ಟಿವಿ ಚರ್ಚೆಗಳಲ್ಲಿ ಇದು ಬರುವುದೇ ಇಲ್ಲ.

ಅಪಾಯ ಇರುವುದು ವೇಗದಲ್ಲಿ ಮಾತ್ರವಲ್ಲ, ಒಂದೇ ರಸ್ತೆಯ ಮೇಲಿನ ವೇಗಗಳ ಅಂತರದಲ್ಲೂ ಇದೆ. ಎಲ್ಲರೂ 100ರಲ್ಲಿ ಹೋದರೆ ಯಾರೂ ಯಾರನ್ನೂ ದಾಟಬೇಕಾಗಿಲ್ಲ. ಆದರೆ ನಮ್ಮ ಸರಕು ಲಾರಿಗಳಿಗೆ ವೇಗ ನಿಯಂತ್ರಕ ಕಡ್ಡಾಯ, 80ಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಭಾರ ಹೆಚ್ಚಾಗಿ ಹೇರಿದ ಲಾರಿ ಏರಿನಲ್ಲಿ 40ಕ್ಕೆ ಇಳಿಯುತ್ತದೆ. ಕಾರಿನ ಮಿತಿಯನ್ನು 140 ಮಾಡಿ ಲಾರಿಯನ್ನು 80ರಲ್ಲೇ ಬಿಟ್ಟರೆ ಎರಡರ ನಡುವಿನ ಅಂತರ 60. ಅಂದರೆ ಕಾರಿನವನ ಪಾಲಿಗೆ ಆ ಲಾರಿ ತನ್ನ ಕಡೆಗೇ 60ರಲ್ಲಿ ಬರುತ್ತಿದ್ದ ಹಾಗೆ.

ಲಾರಿ ಎಡಗಡೆ ಲೇನಿನಲ್ಲಿ ಇದ್ದರೆ ಇದನ್ನೂ ಸಹಿಸಬಹುದು. ನಮ್ಮಲ್ಲಿ ಅದು ಇರುವುದು ಬಲಗಡೆ, ಡಿವೈಡರ್‌ಗೆ ಅಂಟಿಕೊಂಡು. ಡ್ರೈವರ್‌ಗಳನ್ನು ಬೈಯುವ ಮೊದಲು ಯಾಕೆ ಅಂತ ನೋಡಬೇಕು. ಎಡ ಲೇನಿನಲ್ಲಿ ಏನುಂಟು? ಡಾಬಾದ ಮುಂದೆ ನಿಂತ ಲಾರಿಗಳು. ಎರಡು ಕಿ.ಮೀ. ಮುಂದಿನ ಯು-ಟರ್ನ್‌ವರೆಗೆ ಹೋಗಲು ಬೇಜಾರಾಗಿ ಎದುರು ದಿಕ್ಕಿನಿಂದ ಬರುವ ಬೈಕು. ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು. ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತ ಜನ. ಇಷ್ಟೆಲ್ಲ ತಪ್ಪಿಸಿಕೊಂಡು ಹೋಗುವುದಕ್ಕಿಂತ ಬಲಗಡೆ ನೆಮ್ಮದಿ ಎಂದು ಇಪ್ಪತ್ತು ಟನ್ ಹೊತ್ತವನು ಲೆಕ್ಕ ಹಾಕಿದರೆ ಅವನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಪರಿಣಾಮ ಮಾತ್ರ ಹಿಂದೆ ಬರುವವನ ಮೇಲೆ. ಬಲಗಡೆ ದಾರಿ ಇಲ್ಲ. ಹಾರ್ನ್ ಹೊಡೆಯುತ್ತಾನೆ, ಹೈ ಬೀಮ್ ಮಿನುಗಿಸುತ್ತಾನೆ, ಕೊನೆಗೆ ಎಡಗಡೆಯಿಂದ ನುಗ್ಗುತ್ತಾನೆ. ಅಲ್ಲಿ ಏನಿದೆ ಎಂದು ಲಾರಿ ಅಡ್ಡ ಇರುವುದರಿಂದ ಅವನಿಗೆ ಕಾಣುವುದಿಲ್ಲ. ಆ ಮೂರು ಸೆಕೆಂಡಿನಲ್ಲಿ ಮಿತಿ ಎಷ್ಟಿದೆ ಎನ್ನುವುದು ಫಲಕದ ವಿಷಯವಲ್ಲ, ಬದುಕಿನ ವಿಷಯ.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಉರುಳಿತು, ಒಂದೇ ಕುಟುಂಬದ ಆರು ಜನ ಸತ್ತರು. ಸುರಕ್ಷತೆಗೆ ಹೆಸರಾದ ದೊಡ್ಡ ಕಾರು ಅದು. ಮುಂದಿನ ವಾಹನ ಬ್ರೇಕ್ ಹಾಕಿದಾಗ ತಪ್ಪಿಸಲು ಲಾರಿ ಪಕ್ಕಕ್ಕೆ ತಿರುಗಿದ್ದು ಎಂಬುದು ಆಗ ಹೊರಬಂದ ವಿವರ. ಆ ಕಾರಿನಲ್ಲಿದ್ದವರ ಕಡೆಯಿಂದ ಯಾವ ತಪ್ಪೂ ಇರಲಿಲ್ಲ.

ಮೈಸೂರು ರಸ್ತೆಯಲ್ಲಿ ಏನು ಕೆಲಸ ಮಾಡಿತು?

2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಉದ್ಘಾಟಿಸಿದ ಈ ಹೆದ್ದಾರಿ ಮೊದಲ ತಿಂಗಳುಗಳಲ್ಲಿ ಅಪಘಾತದ ಸುದ್ದಿಗೇ ಹೆಸರಾಯಿತು. ಆ ವರ್ಷದ ಮೊದಲ ಅರ್ಧದಲ್ಲೇ ನೂರಕ್ಕೂ ಹೆಚ್ಚು ಸಾವು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುವ ರಸ್ತೆ. ಮೊದಲು ಮದ್ದೂರಿನಲ್ಲಿ ವಡೆಗೆ ನಿಲ್ಲುತ್ತಿದ್ದವರು ಈಗ ಒಂದೇ ಉಸಿರಿಗೆ ಶ್ರೀರಂಗಪಟ್ಟಣ ಮುಟ್ಟುತ್ತಾರೆ. (ವಡೆಯವರಿಗೂ ಚನ್ನಪಟ್ಟಣದ ಬೊಂಬೆ ಅಂಗಡಿಯವರಿಗೂ ಆದ ನಷ್ಟ ಬೇರೆಯೇ ಕತೆ.)

ಆಮೇಲೆ ಮೂರು ಬದಲಾವಣೆ ಆದವು. ಜುಲೈನಲ್ಲಿ 100ರ ಮಿತಿ. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಬಂದ್, ಅವು ಸರ್ವಿಸ್ ರಸ್ತೆಗೆ. ಮುಂದಿನ ವರ್ಷ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ಸಾಲು. 2024ರಲ್ಲಿ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು.

ಇದನ್ನು '100ರ ಮಿತಿ ಜೀವ ಉಳಿಸಿತು' ಎಂದು ಓದುವವರಿದ್ದಾರೆ. ಅದು ಅರ್ಧ ಸತ್ಯ. ಫಲಕ ಒಂದೇ ಆಗಿದ್ದರೆ ಯಾರೂ ನಿಧಾನಿಸುತ್ತಿರಲಿಲ್ಲ. 40ರ ಬೈಕು ಮತ್ತು 20ರ ಟ್ರ್ಯಾಕ್ಟರನ್ನು ಹೊರಗಿಟ್ಟಿದ್ದರಿಂದ ವೇಗದ ಅಂತರ ಕುಗ್ಗಿತು, ಕ್ಯಾಮೆರಾ ಬಂದಿದ್ದರಿಂದ ಫಲಕಕ್ಕೆ ಹಲ್ಲು ಬಂತು. ಬೈಕಿನವರ ಅಸಮಾಧಾನದಲ್ಲಿ ನ್ಯಾಯ ಇದೆ. ಸರ್ವಿಸ್ ರಸ್ತೆ ಪೂರ್ತಿ ಸರಿಯಿಲ್ಲದೆ ತಮ್ಮನ್ನು ತಳ್ಳಿದರು ಎಂಬುದು ಅವರ ದೂರು. ಆದರೆ ಸಾವಿನ ಲೆಕ್ಕದಲ್ಲಿ ಆ ನಿರ್ಧಾರ ದೊಡ್ಡದು.

ಕ್ಯಾಮೆರಾ ಬಂದಾಗ ಮಾತ್ರ 99

ದಿನನಿತ್ಯ ಓಡಿಸುವವರಿಗೆ ಗೊತ್ತಿರುವ ದೃಶ್ಯ ಇದು. ಫೋನಿನ ಮ್ಯಾಪು 'ಮುಂದೆ ಸ್ಪೀಡ್ ಕ್ಯಾಮೆರಾ' ಎನ್ನುತ್ತದೆ. ಸಾಲಾಗಿ ಬ್ರೇಕ್ ದೀಪಗಳು ಹತ್ತುತ್ತವೆ. 125ರಲ್ಲಿದ್ದವರೆಲ್ಲ 98ಕ್ಕೆ ಬಂದು ಸಾಧುಗಳ ಹಾಗೆ ಕಂಬ ದಾಟುತ್ತಾರೆ. ಇನ್ನೂರು ಮೀಟರ್ ಆಚೆ ಮತ್ತೆ 125. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ವಿದ್ಯೆ. ಆ ದಿಢೀರ್ ಬ್ರೇಕೇ ಹಿಂದಿನವನಿಗೆ ಒಂದು ಹೊಸ ಅಪಾಯ.

ಇದಕ್ಕೆ ಮದ್ದು ಎರಡು ಕಂಬಗಳ ನಡುವಿನ ಸರಾಸರಿ ಲೆಕ್ಕ. ಹತ್ತು ಕಿ.ಮೀ. ದೂರವನ್ನು ಐದು ನಿಮಿಷದಲ್ಲಿ ಮುಗಿಸಿದರೆ 120ರಲ್ಲಿ ಬಂದಿದ್ದೀರಿ ಎಂದೇ ಅರ್ಥ, ಕಂಬದ ಕೆಳಗೆ ಎಷ್ಟಿತ್ತು ಎನ್ನುವುದು ಬೇಕಿಲ್ಲ. ಬ್ರಿಟನ್ನಿನಲ್ಲಿ ಇದು ಬಹಳ ಕಾಲದಿಂದ ಇದೆ.

ಭಯ ಉಳಿಯಬೇಕಾದರೆ ದಂಡವೂ ದಂಡದ ಹಾಗಿರಬೇಕು. ಕಾಯ್ದೆ ಪ್ರಕಾರ ಕಾರಿನ ಅತಿವೇಗಕ್ಕೆ ದಂಡ 1,000ದಿಂದ 2,000 ರೂಪಾಯಿ. ಬಾಕಿ ಉಳಿಸಿಕೊಂಡವರಿಗೆ ಕರ್ನಾಟಕ ಸರ್ಕಾರ 2023ರಲ್ಲೂ 2025ರಲ್ಲೂ ಶೇ 50 ರಿಯಾಯಿತಿ ಕೊಟ್ಟಿತು. ಬಾಕಿ ವಸೂಲಿಗೆ ಅದು ಒಳ್ಳೆಯ ಉಪಾಯ ಇರಬಹುದು. ಆದರೆ ಕೂಡಲೇ ಕಟ್ಟಿದವನು ಪೂರ್ತಿ ಕಟ್ಟಿದ, ಕಾದವನು ಅರ್ಧ ಕಟ್ಟಿದ. ಜನ ಇದರಿಂದ ಏನು ಕಲಿಯುತ್ತಾರೆ ಹೇಳಿ? 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಎಂದು ಪೊಲೀಸರು ಹೇಳಬೇಕಾಗಿ ಬಂದದ್ದು ಬರೀ ದಂಡಕ್ಕೆ ಜನ ಬಗ್ಗದಿದ್ದರಿಂದಲೇ.

ಏರಿಸಿದವರ ಅನುಭವ

ಅಮೆರಿಕ 1974ರಲ್ಲಿ ತೈಲ ಉಳಿಸಲು ದೇಶಕ್ಕೆಲ್ಲ 55 ಮೈಲಿಯ ಮಿತಿ ಹಾಕಿತು, ಅಂದರೆ ಸುಮಾರು 88 ಕಿ.ಮೀ. 1987ರಲ್ಲಿ ಸಡಿಲಿಸಿತು, 1995ರಲ್ಲಿ ಪೂರ್ತಿ ತೆಗೆದು ರಾಜ್ಯಗಳಿಗೆ ಬಿಟ್ಟಿತು. ರಾಜ್ಯಗಳು ಪೈಪೋಟಿಯಲ್ಲಿ ಏರಿಸಿದವು. ಅಲ್ಲಿನ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಾಗ, ಹೀಗೆ ಏರಿಸಿದ್ದರಿಂದ 25 ವರ್ಷಗಳಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 37 ಸಾವಿರ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2014ರಲ್ಲಿ ಕೆಲವು ಹೆದ್ದಾರಿಗಳನ್ನು 120ರವರೆಗೆ ಏರಿಸಿ, ಅಪಘಾತ ಹೆಚ್ಚಿದ ಮೇಲೆ 2018ರಲ್ಲಿ ಹಲವು ಕಡೆ ಹಿಂದಕ್ಕೆ ತಂದಿತು.

ಮತ್ತೆ ಜರ್ಮನಿ? ಈ ಚರ್ಚೆಯಲ್ಲಿ ಯಾರಾದರೊಬ್ಬರು ಅಲ್ಲಿನ ಹೆದ್ದಾರಿ ಆಟೋಬಾನ್ ಮಾತು ಎತ್ತಿಯೇ ಎತ್ತುತ್ತಾರೆ. ಅಲ್ಲಿ ಬಹಳಷ್ಟು ಕಡೆ ಮಿತಿಯೇ ಇಲ್ಲ ಎನ್ನುವುದು ನಿಜ. ಆದರೆ ನಿಧಾನದ ಬದಿಯಿಂದ ಓವರ್‌ಟೇಕ್ ಮಾಡುವುದು ಅಲ್ಲಿ ತಪ್ಪು, ಪೆಟ್ರೋಲ್ ಮುಗಿದು ನಿಂತರೂ ತಪ್ಪು. ಹೊಸದಾಗಿ ಲೈಸೆನ್ಸ್ ತೆಗೆದುಕೊಳ್ಳುವವರು ಆಟೋಬಾನ್ ಮೇಲೇ ಪಾಠ ಕಲಿಯಬೇಕು. ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡಿಗರಿಗೆ ಗೊತ್ತಿದೆ, ನಮ್ಮ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆಮೇಲೆ ಬರವಣಿಗೆ ಪರೀಕ್ಷೆಯನ್ನೂ ಚಾಲನಾ ಪರೀಕ್ಷೆಯನ್ನೂ ಪಾಸು ಮಾಡಲೇಬೇಕು. ನಮ್ಮ ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟು ಹಾಕಿ, ರಿವರ್ಸ್ ತೋರಿಸಿ ಬಂದವನು ಹೆದ್ದಾರಿಯನ್ನೇ ನೋಡಿರಬೇಕಾಗಿಲ್ಲ.

ಉಳಿಯುವುದು ಎಷ್ಟು ನಿಮಿಷ?

ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿ.ಮೀ. ಒಮ್ಮೆಯೂ ನಿಧಾನಿಸದೆ 100ರಲ್ಲಿ ಹೋದರೆ 71 ನಿಮಿಷ. 120ರಲ್ಲಿ 59. 140ರಲ್ಲಿ 51. ಮೊದಲ ಇಪ್ಪತ್ತಕ್ಕೆ 12 ನಿಮಿಷ ಸಿಗುತ್ತದೆ, ಮುಂದಿನ ಇಪ್ಪತ್ತಕ್ಕೆ 8. ಅದೂ ಟೋಲ್, ಏರಿಳಿತ, ಬಲಗಡೆಯ ಲಾರಿ ಯಾವುದೂ ಇಲ್ಲದಿದ್ದರೆ. ಹೀಗೆ ಉಳಿಸಿದ್ದನ್ನು ಕೆಂಗೇರಿಯ ಸಿಗ್ನಲ್‌ಗಳು ವಸೂಲಿ ಮಾಡಿಕೊಳ್ಳುತ್ತವೆ.

ಹಾಗಿದ್ದರೂ ಏರಿಸಲೇಬಾರದು ಎಂದು ಹೇಳುವುದು ಕಷ್ಟ. ಬೈಕು, ಟ್ರ್ಯಾಕ್ಟರು ಇಲ್ಲದ, ಬೇಲಿ ಗಟ್ಟಿ ಇರುವ, ಲಾರಿ ಎಡಕ್ಕಿರುವಂತೆ ಕ್ಯಾಮೆರಾ ಕಾಯುವ ರಸ್ತೆಯಲ್ಲಿ 120 ತಪ್ಪಲ್ಲ. ಹೊಸಕೋಟೆಯಿಂದ ಮಾಲೂರು, ಬೇತಮಂಗಲದ ಕಡೆ ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯನ್ನು ಕಟ್ಟಿದ್ದೇ ಆ ವೇಗಕ್ಕೆ. ಆದರೆ ಅದು ಎರಡೂ ದಿಕ್ಕಿಗೆ ಎರಡೆರಡೇ ಲೇನಿನ ರಸ್ತೆ. ಒಂದು ಲಾರಿ ಇನ್ನೊಂದು ಲಾರಿಯನ್ನು 80ರಲ್ಲಿ ಹಿಂದಿಕ್ಕಲು ಹೊರಟರೆ ಎರಡೂ ಲೇನು ಬಂದ್. ಮೂರನೆಯ ಲೇನು ಬರುವವರೆಗೆ ಅಲ್ಲಿ 140ರ ಮಾತೇ ವ್ಯರ್ಥ ಅನಿಸುತ್ತದೆ ನನಗೆ.

ಇನ್ನು ನಾಳೆಯೇ ಕೇಂದ್ರ ಎಕ್ಸ್‌ಪ್ರೆಸ್‌ವೇಗೆ 140 ಎಂದು ಅಧಿಸೂಚನೆ ಹೊರಡಿಸಿತು ಅಂದುಕೊಳ್ಳಿ. ಸುದ್ದಿ ಓದಿ ಖುಷಿಯಾಗಿ ಮಂಡ್ಯದ ಬಳಿ 115ರಲ್ಲಿ ಹೋದರೆ ಏನಾಗುತ್ತದೆ? ಅದು ಕಾಗದದ ಮೇಲೆ ಎಕ್ಸ್‌ಪ್ರೆಸ್‌ವೇ ಅಲ್ಲ, ಫಲಕ 100 ಎನ್ನುತ್ತದೆ, ಮಿತಿ ಇಳಿಸಿ ಇಡುವ ಅಧಿಕಾರ ರಾಜ್ಯದ್ದು. ಮೆಸೇಜು ಎಂದಿನಂತೆ ಫೋನಿಗೆ ಬರುತ್ತದೆ.